ಬೆಸುಗೆ

ವಸ್ತುಗಳನ್ನು ಒಂದುಗೂಡಿಸಲು ಮನುಷ್ಯನು ಕಂಡುಕೊಂಡಿರುವ ಉಪಾಯಗಳು ಹಲವು. ಹರಿದ ಬಟ್ಟೆಯನ್ನು ದರ್ಜಿಯು ಹೊಲಿಯುತ್ತಾನೆ. ಮರದ ತುಂಡುಗಳನ್ನು ಬಡಗಿಯು ಬೆಣೆಯಿಂದಲೋ ಮೊಳೆಯಿಂದಲೋ ಕೂಡಿಸುತ್ತಾನೆ. ಹಾಳೆಗಳನ್ನು ಅಂಟಿಸಿ ಪುಸ್ತಕ ಕಟ್ಟುತ್ತಾರೆ. ಈ ಎಲ್ಲ ಉಪಾಯಗಳಲ್ಲಿಯೂ ಕೂಡಿದ ವಸ್ತುಗಳು ತಮ್ಮ ತಮ್ಮ ಎಲ್ಲೆಯನ್ನು ಉಳಿಸಿಕೊಂಡಿರುತ್ತವೆ. ದಾರವನ್ನು ಬಿಚ್ಚಿದರೆ, ಮೊಳೆಯನ್ನು ಕಿತ್ತರೆ ಅವು ಮತ್ತೆ ಬೇರೆಯಾಗುತ್ತವೆ. ಬೆಸುಗೆಯ ರೀತಿಯೇ ಬೇರೆ. ಇಲ್ಲಿ ಎರಡು ಲೋಹದ ತುಂಡುಗಳ ಅಂಚುಗಳು ಬೆಂಕಿಯಲ್ಲಿ ಮೆತ್ತಗಾಗಿಯೋ ಕರಗಿಯೋ ಒಂದರಲ್ಲಿ ಒಂದು ಬೆರೆಯುತ್ತವೆ. ಆರಿದ ಮೇಲೆ ಒಂದೇ ತುಂಡಾಗಿ ನಿಲ್ಲುತ್ತವೆ. ನಡುವೆ ಎಲ್ಲೆ ಎಂಬುದು ಉಳಿಯುವುದಿಲ್ಲ. ಸ್ನೇಹಿತರಿಬ್ಬರ ಮನಸ್ಸುಗಳು ಬೆಸೆದುಕೊಂಡಿವೆ ಎಂದು ಕನ್ನಡಿಗರು ಹೇಳುವಾಗ ಅವರ ನಾಲಗೆಯ ಮೇಲಿರುವುದು ಕಮ್ಮಾರನ ಮಾತು.

ಈ ವಿದ್ಯೆ ಬಹು ಪ್ರಾಚೀನವಾದುದು. ತಿದಿಯೊತ್ತಿ ಕುಲುಮೆಯನ್ನು ಉರಿಸಿ, ಕಬ್ಬಿಣದ ಎರಡು ತುಂಡುಗಳನ್ನು ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದನ್ನಿಟ್ಟು ಸುತ್ತಿಗೆಯಿಂದ ಬಡಿದು ಒಂದುಮಾಡುವುದನ್ನು ಹಳ್ಳಿಯ ಕಮ್ಮಾರನು ತಲೆಮಾರುಗಳಿಂದ ಬಲ್ಲನು. ಎತ್ತಿನ ಗಾಡಿಯ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿಯ ಎರಡು ತುದಿಗಳು ಕೂಡುತ್ತಿದ್ದುದು ಹೀಗೆಯೇ. ದೆಹಲಿಯ ಕುತುಬ್ ಆವರಣದಲ್ಲಿ ನಿಂತಿರುವ ಪ್ರಸಿದ್ಧವಾದ ಕಬ್ಬಿಣದ ಕಂಬಕ್ಕೆ ಸುಮಾರು 1600 ವರ್ಷಗಳಾಗಿವೆ. 7 ಮೀಟರಿಗೂ ಹೆಚ್ಚು ಉದ್ದ, 6 ಟನ್ನಿಗೂ ಹೆಚ್ಚು ತೂಕ ಇರುವ ಆ ಕಂಬವನ್ನು ಎರಕ ಹೊಯ್ದು ಮಾಡಿಲ್ಲ. ಕಬ್ಬಿಣದ ಮುದ್ದೆಗಳನ್ನು ಕಾಯಿಸಿ, ಬಡಿದು, ಒಂದಕ್ಕೊಂದು ಬೆಸೆದು ಮಾಡಿದ್ದಾರೆ. ಅದನ್ನು ಮಾಡಿದ ಕುಶಲಿಗಳ ಹೆಸರು ಯಾರಿಗೂ ತಿಳಿಯದು. ಅವರ ಬೆಸುಗೆ ಮಾತ್ರ ಇಂದಿಗೂ ಬಿಟ್ಟಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಸುಗೆಗೆ ಹೊಸ ಬೆಂಕಿಯೊಂದು ದೊರೆಯಿತು. ವಿದ್ಯುತ್ತಿನ ಎರಡು ತುದಿಗಳನ್ನು ಮುಟ್ಟಿಸಿ ಕೊಂಚ ದೂರಕ್ಕೆ ಸರಿಸಿದರೆ, ನಡುವಣ ಅಂತರದಲ್ಲಿ ಪ್ರಖರವಾದ ಬೆಳಕೊಂದು ಬಿಲ್ಲಿನಂತೆ ಬಾಗಿ ಉರಿಯುವುದನ್ನು ಆ ಶತಮಾನದ ಆರಂಭದಲ್ಲಿಯೇ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ್ದನು. ಬಿಲ್ಲಿನಾಕಾರದ ಆ ಬೆಳಕಿಗೆ ವಿದ್ಯುತ್ ಚಾಪ ಎಂದು ಹೆಸರಾಯಿತು. 1885ರಲ್ಲಿ ನಿಕೊಲಾಯ್ ಬೆನಾರ್ಡೋಸ್ ಮತ್ತು ಸ್ಟಾನಿಸ್ಲಾವ್ ಒಲ್ಷೆವ್ಸ್ಕಿ ಎಂಬಿಬ್ಬರು ಇಂಗಾಲದ ಕಡ್ಡಿಯಿಂದ ಚಾಪವನ್ನು ಹೊತ್ತಿಸಿ ಲೋಹವನ್ನು ಬೆಸೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. 1888ರಲ್ಲಿ ರಷ್ಯದ ನಿಕೊಲಾಯ್ ಸ್ಲಾವ್ಯಾನೊವ್ ಇಂಗಾಲದ ಕಡ್ಡಿಯ ಬದಲು ಲೋಹದ ಕಡ್ಡಿಯನ್ನೇ ಬಳಸಿದನು. ಕಡ್ಡಿಯೇ ಕರಗಿ ಬಿರುಕನ್ನು ತುಂಬತೊಡಗಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್ಬರ್ಗ್ ಆ ಕಡ್ಡಿಗೆ ಖನಿಜಗಳ ಲೇಪವನ್ನು ಹಚ್ಚಿದನು. ಇಂದು ಊರೂರಿನ ಬೆಸುಗೆಯಂಗಡಿಗಳಲ್ಲಿ ಕಾಣುವ ಕಡ್ಡಿ ಈ ಲೇಪದ ಕಡ್ಡಿಯ ಸಂತತಿಯೇ.

ಒಂದು ಕಾಲದಲ್ಲಿ ಕಾರ್ಖಾನೆಗಳಿಗೂ ಹಡಗುಕಟ್ಟೆಗಳಿಗೂ ಮೀಸಲಾಗಿದ್ದ ಈ ವಿದ್ಯೆ ಇಂದು ಮನೆಯ ಹಿತ್ತಿಲಿಗೂ ಬಂದಿದೆ. ಅದನ್ನು ಅಲ್ಲಿಗೆ ಕರೆತಂದವರಲ್ಲಿ ಹಳೆಯ ಮೋಟಾರು ಸೈಕಲ್ಲುಗಳನ್ನು ಮತ್ತೆ ಕಟ್ಟಿ ನಿಲ್ಲಿಸುವ ಹವ್ಯಾಸಿಗಳೂ ಸೇರಿದ್ದಾರೆ. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ವಿಶೇಷವಾದ ಒಂದು ಕಾರಣವುಂಟು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. ಜಾವಾ ಎಂಬುದು ಇಲ್ಲಿ ದ್ವೀಪದ ಹೆಸರಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡಾಗ, ರೋಮನ್ ಲಿಪಿಯಲ್ಲಿ ಆ ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿದ್ದರಿಂದ ಹುಟ್ಟಿದ ಹೆಸರು ಅದು. ಹೆಸರೂ ಒಂದು ಬೆಸುಗೆಯೇ. 1973ರಿಂದ ಮೈಸೂರಿನ ವಾಹನಗಳು ಎಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆಯ ತಯಾರಿಕೆ ನಿಂತಿತು. ಬೇರೊಂದು ಸಂಸ್ಥೆಯು 2018ರಲ್ಲಿ ಜಾವಾ ಹೆಸರಿಗೂ 2022ರಲ್ಲಿ ಎಜ್ಡಿ ಹೆಸರಿಗೂ ಮರುಜೀವ ಕೊಟ್ಟಿತಾದರೂ, ಮೈಸೂರಿನಲ್ಲಿ ಹುಟ್ಟಿದ ಆ ಹಳೆಯ ಯಂತ್ರಗಳು ಮತ್ತೆ ಹುಟ್ಟುವಂತಿಲ್ಲ. ಇದ್ದವನ್ನು ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳಲು ಕೈಗೆ ಕೆಲಸ ಗೊತ್ತಿರಬೇಕು.

ಅಂಥ ಒಂದು ಎಜ್ಡಿಯು ಇಪ್ಪತ್ತು ಮಳೆಗಾಲಗಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಳೆದು, ಯಂತ್ರಗಳಲ್ಲಿ ಆಸಕ್ತಿಯುಳ್ಳ ತರುಣನೊಬ್ಬನ ಕೈ ಸೇರಿತೆಂದು ಭಾವಿಸೋಣ. ಅದರ ಎಂಜಿನ್ನನ್ನು ಬಿಚ್ಚಿ ತೊಳೆದು ಜೋಡಿಸಬಹುದು. ಹಳೆಯ ತಂತಿಗಳನ್ನು ಬದಲಾಯಿಸಬಹುದು. ಆದರೆ ಮಣ್ಣುಗಾಪಿನ ಅಂಚು ತುಕ್ಕು ತಿಂದು ಜರಡಿಯಾಗಿದೆ. ಹೊಗೆಕೊಳವೆಯನ್ನು ಹಿಡಿದಿದ್ದ ಕೊಂಡಿ ಮುರಿದಿದೆ. ಪಕ್ಕದ ಊರುಗಾಲು ಕೂಡುವ ಕಡೆ ಚೌಕಟ್ಟಿನಲ್ಲಿ ಕೂದಲೆಳೆಯಂತಹ ಬಿರುಕು ಬಿಟ್ಟಿದೆ. ನಡುಕ, ಭಾರ, ತುಕ್ಕು ಈ ಮೂರೂ ಸೇರುವ ಸ್ಥಳಗಳಲ್ಲಿಯೇ ಹಳೆಯ ವಾಹನ ಸೋಲುವುದು. ಇವಕ್ಕೆಲ್ಲ ಮದ್ದು ಬೆಸುಗೆ. ಪೇಟೆಗೆ ಹೊತ್ತು ಹೋಗಿ ಮಾಡಿಸಿಕೊಂಡು ಬರುವುದು ಒಂದು ದಾರಿ. ತಾನೇ ಕಲಿಯುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿದವನು ಮೊದಲು ಕಲಿಯಬೇಕಾದುದು ಬೆಂಕಿಯ ಗುಣವನ್ನು.

ಬೆಸುಗೆಯ ಯಂತ್ರವು ಮನೆಯ ವಿದ್ಯುತ್ತಿನ ಸ್ವಭಾವವನ್ನು ಬದಲಿಸುತ್ತದೆ. ಗೋಡೆಯ ಸಂಪರ್ಕದಲ್ಲಿ ವಿದ್ಯುತ್ತಿನ ಒತ್ತಡ 230 ವೋಲ್ಟ್. ಯಂತ್ರವು ಇದನ್ನು ಕೆಲಸದ ವೇಳೆ ಇಪ್ಪತ್ತು ಮೂವತ್ತು ವೋಲ್ಟುಗಳಿಗೆ ಇಳಿಸಿ, ಅದಕ್ಕೆ ಪ್ರತಿಯಾಗಿ ಪ್ರವಾಹವನ್ನು ನೂರು ಆಂಪಿಯರಿನವರೆಗೆ ಏರಿಸುತ್ತದೆ. ಹಿಂದೆ ಇದಕ್ಕೆ ಇಬ್ಬರು ಹೊರಬೇಕಾದಷ್ಟು ಭಾರದ ಪರಿವರ್ತಕ ಬೇಕಾಗುತ್ತಿತ್ತು. ಇಂದಿನ ಇನ್ವರ್ಟರ್ ಯಂತ್ರಗಳನ್ನು ಒಂದು ಕೈಯಲ್ಲಿ ಎತ್ತಬಹುದು. ಗಾತ್ರ ಚಿಕ್ಕದಾದ ಮಾತ್ರಕ್ಕೆ ಹಸಿವು ಚಿಕ್ಕದಾಗಲಿಲ್ಲ. 24 ವೋಲ್ಟಿನಲ್ಲಿ 100 ಆಂಪಿಯರ್ ಹರಿದರೆ 2400 ವ್ಯಾಟ್ ಶಕ್ತಿ ವ್ಯಯವಾಗುತ್ತದೆ. ಯಂತ್ರದ ಒಳಗಿನ ನಷ್ಟವನ್ನೂ ಸೇರಿಸಿದರೆ ಗೋಡೆಯ ತಂತಿಯಲ್ಲಿ ಹನ್ನೆರಡು ಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯಬೇಕಾಗುತ್ತದೆ. ದೀಪ, ಪಂಕಗಳಿಗೆಂದು ಎಳೆದ ಸಣ್ಣ ತಂತಿ ಇದನ್ನು ತಾಳಲಾರದು. ಆದುದರಿಂದ ದಪ್ಪ ತಂತಿ, ಭದ್ರವಾದ ಭೂಸಂಪರ್ಕ, ಒಣಗಿದ ನೆಲ ಇವು ಮೂರೂ ಇಲ್ಲದ ಮನೆಯಲ್ಲಿ ಯಂತ್ರವನ್ನು ಹಚ್ಚುವುದು ಸಲ್ಲದು.

ಯಂತ್ರದಿಂದ ಎರಡು ದಪ್ಪ ತಂತಿಗಳು ಹೊರಡುತ್ತವೆ. ಒಂದರ ಚಿಮುಟ ಬೆಸೆಯಬೇಕಾದ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದರ ಹಿಡಿಯಲ್ಲಿ ಬೆಸುಗೆಯ ಕಡ್ಡಿ ಇರುತ್ತದೆ. ಕಡ್ಡಿಯನ್ನು ಲೋಹಕ್ಕೆ ಸೋಕಿಸಿ ಎತ್ತಿದೊಡನೆ ಚಾಪ ಹೊತ್ತಿಕೊಳ್ಳುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಸಾಕು. ಚಾಪದ ಉಷ್ಣತೆ 5000 ಡಿಗ್ರಿಯನ್ನೂ ಮೀರುತ್ತದೆ. ಅದರ ಕೆಳಗೆ ಉಕ್ಕಿನ ಮೇಲೆ ಕ್ಷಣಾರ್ಧದಲ್ಲಿ ಒಂದು ಪುಟ್ಟ ಕೊಳ ಕಟ್ಟುತ್ತದೆ. ಕಡ್ಡಿಯ ತುದಿ ಹನಿಹನಿಯಾಗಿ ಕರಗಿ ಆ ಕೊಳವನ್ನು ಸೇರುತ್ತದೆ. ಕರಗಿದ ಉಕ್ಕಿಗೆ ಗಾಳಿಯೇ ಶತ್ರು. ಗಾಳಿಯಲ್ಲಿನ ಆಮ್ಲಜನಕವೂ ಸಾರಜನಕವೂ ಒಳಹೊಕ್ಕರೆ ಲೋಹ ಪೆಡಸಾಗುತ್ತದೆ, ಜೇನುಹುಟ್ಟಿನಂತೆ ತೂತುತೂತಾಗುತ್ತದೆ. ಷೆಲ್ಬರ್ಗನ ಲೇಪದ ಮಹತ್ತ್ವ ಇಲ್ಲಿದೆ. ಲೇಪವು ಉರಿದು ಅನಿಲವಾಗಿ ಕೊಳದ ಸುತ್ತ ತೆರೆಯನ್ನು ಕಟ್ಟುತ್ತದೆ. ಉಳಿದದ್ದು ಕಿಟ್ಟವಾಗಿ ಕೊಳದ ಮೇಲೆ ತೇಲಿ, ಬೇಯುವ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮುಚ್ಚಿಕೊಂಡು, ಉಕ್ಕು ನಿಧಾನವಾಗಿ ಆರುವಂತೆ ನೋಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಬೇಕು. ಮಳೆಗಾಲದ ತೇವವನ್ನು ಹೀರಿದ ಕಡ್ಡಿ ಈ ರಕ್ಷಣೆಯನ್ನು ಸರಿಯಾಗಿ ಕೊಡಲಾರದು. ಕಡ್ಡಿಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡುವುದು ಅದಕ್ಕಾಗಿಯೇ.

ಈ ಬೆಂಕಿ ಲೋಹವನ್ನು ಬೆಸೆಯುವಂತೆಯೇ ಮೈಯನ್ನೂ ನೋಯಿಸಬಲ್ಲದು. ಚಾಪದ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಹೇರಳವಾಗಿವೆ. ಬರಿಗಣ್ಣಿನಿಂದ ಅದನ್ನು ನೋಡಿದವನಿಗೆ ಆ ಕ್ಷಣದಲ್ಲಿ ಏನೂ ಆಗದು. ಕೆಲವು ಗಂಟೆಗಳು ಕಳೆದು ರಾತ್ರಿಯಾದಾಗ ಕಣ್ಣಿನೊಳಗೆ ಮರಳು ಎರಚಿದಂತೆ ಉರಿ ಏಳುತ್ತದೆ, ನೀರು ಸುರಿಯುತ್ತದೆ. ಕಣ್ಣಿನ ಮೇಲ್ಪದರವು ಬಿಸಿಲಿಗೆ ಬೆಂದ ಚರ್ಮದಂತೆ ಬೆಂದಿರುತ್ತದೆ. ರಸ್ತೆ ಬದಿಯ ಅಂಗಡಿಯಲ್ಲಿ ಬೆಸುಗೆ ನಡೆಯುವಾಗ ದಾರಿಯಲ್ಲಿ ಹೋಗುವ ಮಕ್ಕಳು ನಿಂತು ನೋಡುವುದು ಸಾಮಾನ್ಯ. ಆ ಬೆಳಕಿನಿಂದ ಮುಖ ತಿರುಗಿಸಿಕೊಳ್ಳಬೇಕೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಬೆಸೆಯುವವನು ಹತ್ತನೆಯ ಅಥವಾ ಹನ್ನೊಂದನೆಯ ಅಂಕದ ಕಪ್ಪುಗಾಜುಳ್ಳ ಮುಖವಾಡವನ್ನು ಧರಿಸಬೇಕು. ತಂಪುಕನ್ನಡಕ ಇದಕ್ಕೆ ಬದಲಿಯಾಗದು. ಕೈಗೆ ಚರ್ಮದ ಚೀಲ, ಮೈಗೆ ದಪ್ಪ ಹತ್ತಿಯ ಬಟ್ಟೆ, ಕಾಲಿಗೆ ಮುಚ್ಚಿದ ಬೂಟು ಬೇಕು. ನೈಲಾನ್ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಾಡುವ ಸ್ಥಳವೂ, ಕೈಗೆಟಕುವಲ್ಲಿ ಮರಳಿನ ಬಕೆಟ್ಟೂ ಇರಬೇಕು. ಹದಿಹರೆಯದವರು ಈ ಕೆಲಸಕ್ಕೆ ಒಂಟಿಯಾಗಿ ಕೈಹಾಕಬಾರದು, ಬಲ್ಲವರೊಬ್ಬರು ಬಳಿಯಲ್ಲಿರಬೇಕು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೆಸುಗೆಯ ಶಿಕ್ಷಣಕ್ಕೆ ಒಂದು ಇಡೀ ವರ್ಷವನ್ನು ಮೀಸಲಿಟ್ಟಿರುವುದನ್ನು ನೋಡಿದರೆ, ಇದು ಒಂದು ಮಧ್ಯಾಹ್ನದಲ್ಲಿ ಬರುವ ವಿದ್ಯೆಯಲ್ಲವೆಂಬುದು ಮನದಟ್ಟಾಗುತ್ತದೆ.

ಕಲಿಯುವವನ ಮೊದಲ ದಿನಗಳು ವಾಹನದ ಬಳಿ ಕಳೆಯುವುದಿಲ್ಲ. ಗುಜರಿಯಿಂದ ತಂದ ಉಕ್ಕಿನ ಪಟ್ಟಿಗಳ ಮುಂದೆ ಕಳೆಯುತ್ತವೆ. ಮೊದಲು ಕಡ್ಡಿಯೇ ಅವನ ಮಾತು ಕೇಳುವುದಿಲ್ಲ. ಮೆಲ್ಲಗೆ ಸೋಕಿಸಿದರೆ ಲೋಹಕ್ಕೆ ಅಂಟಿಕೊಂಡು ಕೆಂಪಗೆ ಕಾಯುತ್ತದೆ. ಹೆದರಿ ಎತ್ತರಕ್ಕೆ ಎತ್ತಿದರೆ ಚಾಪ ಆರಿಹೋಗುತ್ತದೆ. ಬೆಂಕಿಕಡ್ಡಿ ಗೀರುವಂತೆ ಗೀರಿ, ಕಡ್ಡಿಯ ದಪ್ಪದಷ್ಟೇ ಅಂತರದಲ್ಲಿ ಹಿಡಿದು ನಿಲ್ಲಿಸುವುದನ್ನು ಕೈ ಕಲಿಯಲು ಕೆಲವು ದಿನಗಳೇ ಬೇಕು. ಕಡ್ಡಿಯು ಉರಿದಂತೆ ಗಿಡ್ಡವಾಗುತ್ತಲೇ ಹೋಗುವುದರಿಂದ ಕೈ ಕೆಳಗೂ ಇಳಿಯಬೇಕು, ಮುಂದಕ್ಕೂ ಸಾಗಬೇಕು. ಬೇಗ ಸಾಗಿದರೆ ಬೆಸುಗೆಯ ಸಾಲು ಹುರಿಯಂತೆ ತೆಳುವಾಗುತ್ತದೆ. ತಡಮಾಡಿದರೆ ಉಕ್ಕು ತೂತಾಗಿ ಕೆಳಗೆ ಸುರಿಯುತ್ತದೆ. ಪ್ರವಾಹದ ಪ್ರಮಾಣಕ್ಕೂ ಲೆಕ್ಕವುಂಟು. 2.5 ಮಿಲಿಮೀಟರ್ ದಪ್ಪದ ಸಾಮಾನ್ಯ ಕಡ್ಡಿಗೆ 60ರಿಂದ 90 ಆಂಪಿಯರ್ ಬೇಕಾಗುತ್ತದೆ. ಎಲ್ಲವೂ ಹದವಾಗಿ ಕೂಡಿದಾಗ ಕಾದ ಎಣ್ಣೆಯಲ್ಲಿ ಬೋಂಡ ಬೇಯುವಂತಹ ಒಂದೇ ಸಮನಾದ ಸದ್ದು ಕೇಳಿಬರುತ್ತದೆ. ನುರಿತವರು ಕಣ್ಣಿನಷ್ಟೇ ಕಿವಿಯಿಂದಲೂ ಬೆಸೆಯುತ್ತಾರೆ. ಹೊಸಬನ ದೃಷ್ಟಿ ಉರಿಯುವ ಚಾಪದ ಮೇಲೆಯೇ ನೆಟ್ಟಿರುತ್ತದೆ. ಅನುಭವಿಯು ಚಾಪದ ಹಿಂದೆ ಹರಿದು ಬರುವ ಉಕ್ಕಿನ ಕೊಳವನ್ನು ನೋಡುತ್ತಾನೆ. ಬೆಸುಗೆ ಹುಟ್ಟುವುದು ಆ ಕೊಳದಲ್ಲಿ.

ಕೆಲವು ದಿನಗಳ ಅಭ್ಯಾಸದ ಬಳಿಕ, ನಾಣ್ಯಗಳನ್ನು ಒಂದಕ್ಕೊಂದು ಒರಗಿಸಿ ಇಟ್ಟಂತೆ ಅಂದವಾದ ಸಾಲೊಂದು ಮೂಡುತ್ತದೆ. ಕಲಿಯುವವನು ಗೆದ್ದೆನೆಂದು ಹಿಗ್ಗುವುದು ಆಗಲೇ. ಅವನು ಎಚ್ಚರದಿಂದಿರಬೇಕಾದುದೂ ಆಗಲೇ. ಮೇಲೆ ಅಂದವಾಗಿ ಕಾಣುವ ಸಾಲು ಒಳಗೆ ಬೆರೆತಿರುತ್ತದೆಂಬ ಭರವಸೆಯಿಲ್ಲ. ಪ್ರವಾಹ ಕಡಮೆಯಾಗಿದ್ದರೆ, ಅಂಚಿನಲ್ಲಿ ತುಕ್ಕೋ ಬಣ್ಣವೋ ಎಣ್ಣೆಯೋ ಉಳಿದಿದ್ದರೆ, ಕರಗಿದ ಲೋಹ ಗೋಡೆಗೆ ಮೆತ್ತಿದ ಜೇಡಿಮಣ್ಣಿನಂತೆ ಮೇಲೆ ಕುಳಿತಿರುತ್ತದೆ. ನೋಟದಲ್ಲಿ ಅದು ಬೆಸುಗೆ. ನಿಜದಲ್ಲಿ ಅದು ಬರಿಯ ಅಂಟು. ಇದನ್ನು ಪತ್ತೆಹಚ್ಚಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಬಹಳ ಸರಳವಾಗಿದೆ, ಬಹಳ ಕಠಿಣವೂ ಆಗಿದೆ. ಬೆಸೆದ ತುಂಡನ್ನು ಹಿಡಿಕಟ್ಟಿನಲ್ಲಿ ಬಿಗಿದು ಸುತ್ತಿಗೆಯಿಂದ ಬಡಿದು ಬಗ್ಗಿಸಬೇಕು. ಒಳಗೆ ಬೆರೆತಿದ್ದರೆ ಪಟ್ಟಿ ಬಾಗುತ್ತದೆ, ಬೆಸುಗೆ ಬಿಡುವುದಿಲ್ಲ. ಬೆರೆಯದಿದ್ದರೆ ಎರಡು ಮೂರು ಏಟಿಗೆ ಸಾಲು ಸೀಳಿ, ಕರಗದೆ ಉಳಿದ ಅಂಚು ಹಾಗೆಯೇ ಕಣ್ಣಿಗೆ ಬೀಳುತ್ತದೆ. ಇನ್ನೊಂದು ತುಂಡನ್ನು ಅಡ್ಡವಾಗಿ ಕೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ ನೋಡಿದರೆ ಒಳಗಿನ ತೂತುಗಳೂ ಸಿಕ್ಕಿಬಿದ್ದ ಕಿಟ್ಟವೂ ಗೋಚರವಾಗುತ್ತವೆ. ದಿನವಿಡೀ ಕಷ್ಟಪಟ್ಟು ಮಾಡಿದ ಕೆಲಸವನ್ನು ಸಂಜೆ ತನ್ನ ಕೈಯಿಂದಲೇ ಮುರಿದು ನೋಡುವ ಮನಸ್ಸು ಯಾರಿಗಿದೆಯೋ ಅವನು ಈ ವಿದ್ಯೆಯನ್ನು ಕಲಿಯುತ್ತಾನೆ. ಮುರಿಯಲು ಹಿಂಜರಿಯುವವನ ಕೆಲಸವನ್ನು ಮುಂದೊಂದು ದಿನ ರಸ್ತೆಯ ಗುಂಡಿಯೇ ಪರೀಕ್ಷಿಸುತ್ತದೆ.

ಬೆಸುಗೆಯ ಇನ್ನೊಂದು ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನ ಶ್ರಮ ವ್ಯರ್ಥವಾಗುತ್ತದೆ. ಕಾದ ಲೋಹ ಹಿಗ್ಗುತ್ತದೆ, ಆರಿದ ಲೋಹ ಕುಗ್ಗುತ್ತದೆ ಎಂಬುದು ವಿಜ್ಞಾನದ ಪಾಠದಲ್ಲಿ ಬಂದಿರುವ ಮಾತು. ಒಂದು ಮೀಟರ್ ಉದ್ದದ ಉಕ್ಕಿನ ಸರಳನ್ನು 100 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಇಲ್ಲಿಯೋ ಉಕ್ಕು ಕರಗುವವರೆಗೆ ಕಾಯುತ್ತದೆ, ಅದೂ ಒಂದೇ ಪಾರ್ಶ್ವದಲ್ಲಿ. ಆರುವಾಗ ಆ ಪಾರ್ಶ್ವವು ಕುಗ್ಗಿ ಇಡೀ ತುಂಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಎಳೆಯಲ್ಪಟ್ಟ ಚೌಕಟ್ಟಿನಲ್ಲಿ ಮುಂದಿನ ಚಕ್ರ ಒಂದು ದಾರಿಯನ್ನೂ ಹಿಂದಿನ ಚಕ್ರ ಇನ್ನೊಂದು ದಾರಿಯನ್ನೂ ಹಿಡಿಯುತ್ತವೆ. ಇದನ್ನು ತಪ್ಪಿಸಲು ಬಲ್ಲವರು ಮೊದಲು ನಾಲ್ಕಾರು ಕಡೆ ಚುಕ್ಕೆಯಂತಹ ಸಣ್ಣ ಬೆಸುಗೆಗಳನ್ನು ಹಾಕಿ, ಅಳತೆ ನೋಡಿ, ಬಳಿಕ ಈ ಬದಿಗೊಂದಿಷ್ಟು ಆ ಬದಿಗೊಂದಿಷ್ಟು ಎಂದು ಬಿಡುವು ಕೊಟ್ಟು ಬೆಸೆಯುತ್ತಾರೆ. ದರ್ಜಿಯು ಹೊಲಿಯುವ ಮುನ್ನ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದೂ ಇದೇ ವಿವೇಕದಿಂದ.

ಕೆಟ್ಟ ಬೆಸುಗೆಯ ಪರಿಣಾಮವೇನೆಂಬುದನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿಯೇ ಕಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹಡಗುಗಳನ್ನು ಗುಬುಟು ಮೊಳೆಗಳಿಂದ ಕೂಡಿಸುವುದನ್ನು ಬಿಟ್ಟು ಬೆಸುಗೆಯಿಂದ ಕಟ್ಟತೊಡಗಿದರು. ಕೆಲಸ ಬೇಗ ಸಾಗಿತು. ಲಿಬರ್ಟಿ ಎಂಬ ಒಂದೇ ಮಾದರಿಯ 2710 ಹಡಗುಗಳು ನೀರಿಗಿಳಿದವು. ಆದರೆ 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ಎಣ್ಣೆ ಹಡಗು, ಗಾಳಿಯಿಲ್ಲದೆ ಅಲೆಯಿಲ್ಲದೆ ಕಟ್ಟೆಯ ಬಳಿ ಸುಮ್ಮನೆ ನಿಂತಿದ್ದಾಗಲೇ, ನಡುವೆ ಬಿರಿದು ಹೆಚ್ಚುಕಡಮೆ ಎರಡು ತುಂಡಾಯಿತು. ದೋಷಯುಕ್ತ ಬೆಸುಗೆ, ಚಳಿಯಲ್ಲಿ ಪೆಡಸಾಗುವ ಉಕ್ಕು, ಒತ್ತಡವೆಲ್ಲ ಬಂದು ಸೇರುವ ಚೂಪಾದ ಮೂಲೆಗಳು, ಇವೆಲ್ಲ ಅಂತಹ ಅವಘಡಗಳಿಗೆ ಕಾರಣಗಳೆಂದು ತಜ್ಞರು ಕಂಡುಕೊಂಡರು. ಗುಬುಟು ಮೊಳೆಯ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸೆದ ಹಡಗಿನಲ್ಲಿ ಎಲ್ಲವೂ ಒಂದೇ ತುಂಡಾದುದರಿಂದ ಬಿರುಕಿಗೆ ತಡೆಯೇ ಇರಲಿಲ್ಲ. ಒಂದಾಗುವುದರಲ್ಲಿ ಬಲವೂ ಇದೆ, ಹೊಣೆಯೂ ಇದೆ.

ಹಡಗಿನಿಂದ ಕಲಿತ ಈ ಪಾಠ ಮೋಟಾರು ಸೈಕಲ್ಲಿಗೂ ಹೊಂದುತ್ತದೆ. ಚೌಕಟ್ಟಿನ ಬಿರುಕಿನ ಮೇಲೆ ಹಾಗೆಯೇ ಲೋಹವನ್ನು ಸುರಿದರೆ ಬಿರುಕು ಅಡಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಬಣ್ಣವನ್ನು ಕೆರೆದು ಬಿರುಕಿನ ಎರಡು ಕೊನೆಗಳನ್ನೂ ಹುಡುಕಿ, ಆ ಕೊನೆಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ದುಂಡಗಿನ ರಂಧ್ರ ಒತ್ತಡವನ್ನು ಸುತ್ತಲೂ ಹಂಚುವುದರಿಂದ ಬಿರುಕು ಮುಂದುವರಿಯದು. ಆಮೇಲೆ ಬಿರುಕನ್ನು ಇಳಿಜಾರಾಗಿ ಕೊರೆದು, ಉಕ್ಕು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ತಳದಿಂದ ತುಂಬುತ್ತಾ ಬರುತ್ತಾರೆ. ಒಂದು ಗಳಿಗೆಯ ಬೆಸುಗೆಗೆ ಒಂದು ದಿನದ ಸಿದ್ಧತೆ ಹಿಡಿಯುವುದುಂಟು. ಇದರ ನಡುವೆ ಚೌಕಟ್ಟಿನ ಮೇಲೆ ಅಚ್ಚೊತ್ತಿರುವ ಸಂಖ್ಯೆಗೆ ಧಕ್ಕೆ ತಗಲಬಾರದು. ಅದು ವಾಹನದ ಜನ್ಮಪತ್ರ. ವಾಹನದ ಮೂಲ ರಚನೆಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯು ಮಿತಿಗಳನ್ನು ಹಾಕಿದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಎಲ್ಲವನ್ನೂ ಬೆಸೆಯುವುದು ಜಾಣತನವಲ್ಲ. ಯಾವುದನ್ನು ಬೆಸೆಯಬಾರದೆಂಬುದನ್ನು ತಿಳಿಯುವುದೂ ವಿದ್ಯೆಯ ಒಂದು ಭಾಗ. ಪೆಟ್ರೋಲ್ ಟ್ಯಾಂಕು ಇವುಗಳಲ್ಲಿ ಮೊದಲನೆಯದು. ಬರಿದಾದ ಟ್ಯಾಂಕಿನಲ್ಲಿ ಅಪಾಯವೂ ಬರಿದಾಗಿದೆಯೆಂದು ತಿಳಿಯುವುದು ದೊಡ್ಡ ತಪ್ಪು. ನೂರು ಭಾಗ ಗಾಳಿಯಲ್ಲಿ ಒಂದೂವರೆ ಭಾಗದಷ್ಟು ಪೆಟ್ರೋಲಿನ ಆವಿ ಬೆರೆತರೂ ಅದು ಸಿಡಿಯಬಲ್ಲದು. ವರ್ಷಗಟ್ಟಲೆ ಒಣಗಿದ ಟ್ಯಾಂಕಿನ ತುಕ್ಕಿನ ಪದರಗಳಲ್ಲಿಯೂ ಅಷ್ಟು ಆವಿ ಅವಿತಿರಬಹುದು. ಅದು ಪರಿಣತರ ಕೆಲಸ. ಸತು ಲೇಪಿಸಿದ ತಗಡನ್ನು ಹಾಗೆಯೇ ಬೆಸೆದರೆ ಏಳುವ ಬಿಳಿಯ ಹೊಗೆಯಿಂದ ಚಳಿಜ್ವರ ಬರುತ್ತದೆ. ಹೊಳೆಯುವ ಕ್ರೋಮಿಯಂ ಲೇಪದ ಹೊಗೆಯಂತೂ ಅದಕ್ಕಿಂತ ವಿಷಕರ. ಮಣ್ಣುಗಾಪಿನ ತಗಡು ಸುಮಾರು ಒಂದು ಮಿಲಿಮೀಟರಿನಷ್ಟು ತೆಳುವಾದುದರಿಂದ ಕಡ್ಡಿಯ ಬೆಸುಗೆಗೆ ತಾಳದೆ ತೂತಾಗುತ್ತದೆ. ಅದಕ್ಕೆ ಸಣ್ಣ ತಂತಿಯಿಂದ ಬೆಸೆಯುವ ಯಂತ್ರವೋ ಅಸಿಟಿಲೀನ್ ಅನಿಲದ ಜ್ವಾಲೆಯೋ ಮೇಲು. ಮುಂದಿನ ಚಕ್ರವನ್ನು ಹಿಡಿಯುವ ಕವಲು, ಹಿಡಿಗೋಲು ತಿರುಗುವ ತಲೆಭಾಗ, ಹಿಂದಿನ ಚಕ್ರದ ತೋಳು, ತಡೆಯ ಸನ್ನೆಗಳು, ಇವು ಸವಾರನ ಪ್ರಾಣವನ್ನೇ ಹೊತ್ತಿರುವ ಅಂಗಗಳು. ಹೊಸದಾಗಿ ಕಲಿತವನು ಇವನ್ನು ಮುಟ್ಟದೆ, ಪ್ರಮಾಣಪತ್ರ ಪಡೆದ ಅನುಭವಿ ಬೆಸುಗೆಗಾರನ ಕೈಗೆ ಒಪ್ಪಿಸುವುದೇ ಲೇಸು. ಹಾಗೆ ಒಪ್ಪಿಸುವುದು ಸೋಲಲ್ಲ. ತನ್ನ ಕೈಯ ಅಳತೆಯನ್ನು ತಾನು ಬಲ್ಲವನ ಲಕ್ಷಣ.

ಹೀಗೆ ಕಳೆದುಬಿಟ್ಟ ಮೇಲೆ ಕಲಿಯುವವನಿಗೆ ಉಳಿಯುವುದು ಕೊಂಡಿಗಳು, ಊರುಗಾಲಿನ ಆಸರೆ, ಸಾಮಾನು ಇಡುವ ಜಾಲರಿ, ಪಕ್ಕದ ಪೆಟ್ಟಿಗೆಯನ್ನು ಹಿಡಿಯುವ ಪಟ್ಟಿಗಳು. ಕೆಲಸ ಸಣ್ಣದೆಂದು ತೋರಬಹುದು. ಆದರೆ ಒಂದು ಕೊಂಡಿಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಉಜ್ಜಿ, ಹಿಡಿಕಟ್ಟಿನಲ್ಲಿ ಬಿಗಿದು, ಬೆಸೆದು, ಆರಲು ಬಿಟ್ಟು, ಕಿಟ್ಟವನ್ನು ಉದುರಿಸಿ ಪರೀಕ್ಷಿಸುವಷ್ಟರಲ್ಲಿ ಅವನ ಕೈಗೆ ಉಕ್ಕಿನ ಸ್ವಭಾವ ತಿಳಿದುಬರುತ್ತದೆ. ಬೆಸೆಯುವ ಮುನ್ನ ವಾಹನದ ಬ್ಯಾಟರಿಯನ್ನು ಬಿಚ್ಚಿಡಬೇಕು, ಟ್ಯಾಂಕನ್ನು ಕಳಚಿ ದೂರಕ್ಕೆ ಒಯ್ಯಬೇಕು ಎಂಬ ಕ್ರಮಗಳು ಅಭ್ಯಾಸವಾಗುತ್ತವೆ. ಎಜ್ಡಿಯಂತಹ ಎರಡು ಹೊಡೆತದ ಎಂಜಿನ್ನಿನ ವಾಹನಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ, ಹೊಗೆಕೊಳವೆಯ ಒಳಗೆ ಜಿಡ್ಡಿನ ಮಸಿ ಕಟ್ಟಿರುತ್ತದೆ. ಅದನ್ನು ತೆಗೆಯದೆ ಬೆಸೆದರೆ ಜಿಡ್ಡು ಉರಿದು ಬೆಸುಗೆಯಲ್ಲಿ ತೂತುಗಳನ್ನು ಬಿಡುತ್ತದೆ. ಯಂತ್ರದ ಒಂದೊಂದು ಗುಣವೂ ಹೀಗೆ ಕೆಲಸದ ಮೂಲಕವೇ ಪರಿಚಯವಾಗುತ್ತದೆ. ಪುಸ್ತಕದಲ್ಲಿ ಓದಿದ್ದು ಆಗ ಕೈಗೆ ಇಳಿಯುತ್ತದೆ.

ಎಲ್ಲ ಮುಗಿದ ಮೇಲೆ ಚೌಕಟ್ಟಿಗೆ ಬಣ್ಣ ಬಳಿಯುತ್ತಾರೆ. ಬಣ್ಣದ ಅಡಿಯಲ್ಲಿ ಒಳ್ಳೆಯ ಬೆಸುಗೆಯೂ ಕೆಟ್ಟ ಬೆಸುಗೆಯೂ ಒಂದೇ ಬಗೆಯಾಗಿ ಕಾಣುತ್ತವೆ. ವಾಹನವನ್ನು ನೋಡಲು ಬಂದ ನೆರೆಹೊರೆಯವರು ಬಣ್ಣವನ್ನು ಹೊಗಳುತ್ತಾರೆ, ಎಂಜಿನ್ನಿನ ಸದ್ದಿಗೆ ತಲೆದೂಗುತ್ತಾರೆ. ಬೆಸುಗೆಯನ್ನು ಯಾರೂ ಕೇಳುವುದಿಲ್ಲ. ಅದು ಹೇಗಿದೆಯೆಂದು ಬಲ್ಲವನು ಮಾಡಿದವನೊಬ್ಬನೇ. ಹಿತ್ತಿಲಿನ ಮೂಲೆಯಲ್ಲಿ ಅವನು ಮುರಿದು ಹಾಕಿದ ಪಟ್ಟಿಗಳ ರಾಶಿ ಬಿದ್ದಿರುತ್ತದೆ. ಆ ರಾಶಿ ದೊಡ್ಡದಾಗಿದ್ದಷ್ಟೂ ಅವನು ನಿಶ್ಚಿಂತೆಯಿಂದ ತನ್ನ ತಂಗಿಯನ್ನೋ ತಮ್ಮನನ್ನೋ ಹಿಂದೆ ಕೂರಿಸಿಕೊಂಡು ಹೊರಡಬಲ್ಲನು.